ಸೋನೌಲಿಯ ಒಂದೇ ಗೇಟು, ಎರಡು ನಿಯಮ: ಸಾಗರ ತಾಲ್ಲೂಕಿನ ಅತಿಥಿಯೊಬ್ಬರ ವೀಸಾ ಪ್ರಕರಣ

2023ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಜರ್ಮನಿಯ ಪ್ರಜೆಯಾದ ಮಹಿಳೆಯೊಬ್ಬರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದು, ತಾಳಗುಪ್ಪದ ರಾತ್ರಿ ರೈಲು ಹಿಡಿದು, ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣಕ್ಕೆ ಬಂದರು. ತಾಲ್ಲೂಕಿನ ಒಳಭಾಗದ ಹಳ್ಳಿಯೊಂದರ ದೀವರ ಸಮುದಾಯದ ಮನೆಯಲ್ಲಿ ಉಳಿದು, ಅವರ ಗೋಡೆ ಚಿತ್ರಕಲೆಯಾದ ಹಸೆ ಚಿತ್ತಾರ ಕಲಿಯುವುದು ಅವರ ಉದ್ದೇಶವಾಗಿತ್ತು. ಅವರು ನಾಲ್ಕು ವರ್ಷಗಳಿಂದ ಕಠ್ಮಂಡುವಿನಲ್ಲಿ ನೆಲೆಸಿ ಅಲ್ಲಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ನೇಪಾಳದ ವಾಸದ ವೀಸಾ ಅವರ ಬಳಿ ಇತ್ತು. ಭಾರತಕ್ಕೆ ಬಂದದ್ದು ಆನ್‌ಲೈನ್‌ನಲ್ಲಿ ಪಡೆಯುವ 30 ದಿನಗಳ ಪ್ರವಾಸಿ ಇ-ವೀಸಾದ ಮೇಲೆ. ಈ ಬರಹದ ಉದ್ದಕ್ಕೂ ಅವರನ್ನು ವಿದ್ಯಾರ್ಥಿನಿ ಎಂದೇ ಕರೆಯುತ್ತೇನೆ. ಅವರ ಮತ್ತು ಮನೆಯವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಮನೆಯವರ ಪ್ರಮಾಣಪತ್ರ (ಅಫಿಡವಿಟ್) ಬರೆದುಕೊಡುವ ಕೆಲಸದಿಂದಾಗಿ ಪ್ರಕರಣದ ಕಾಗದಪತ್ರಗಳೆಲ್ಲ ನನ್ನ ಕಣ್ಣಿಗೆ ಬಿದ್ದವು.

ಪ್ರವಾಸಿ ವೀಸಾದ ಮೇಲೆ ಬಂದವರು ಕಲೆ ಕಲಿಯಬಹುದೇ ಎಂಬ ಪ್ರಶ್ನೆಯನ್ನು ಊರಿನಲ್ಲಿ ಹಲವರು ಎತ್ತಿದರು. ಕಲಿಯಬಹುದು. ಸ್ಥಳೀಯ ಭಾಷೆ, ಸಂಗೀತ, ನೃತ್ಯ, ಕರಕುಶಲ, ಅಡುಗೆಯಂಥ ವಿಷಯಗಳ ಅಲ್ಪಾವಧಿ ಕಲಿಕೆಗೆ ಪ್ರವಾಸಿ ಇ-ವೀಸಾದಲ್ಲಿ ಅವಕಾಶವಿದೆ; ಅದು ಪದವಿಯನ್ನೋ ಡಿಪ್ಲೊಮಾವನ್ನೋ ಕೊಡುವ ಕ್ರಮಬದ್ಧ ಶಿಕ್ಷಣವಾಗಿರಬಾರದು, ಅಷ್ಟೆ. ಮನೆಯ ಅವ್ವನ ಪಕ್ಕ ಕುಳಿತು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುವುದು ಈ ಮಿತಿಯೊಳಗೇ ಇತ್ತು. ತೊಡಕು ಹುಟ್ಟಿದ್ದು ಇದರಾಚೆಗೆ. ಎರಡು ವಾರ ಕಳೆಯುವಷ್ಟರಲ್ಲಿ ವಿದ್ಯಾರ್ಥಿನಿಗೆ ಜಿಲ್ಲೆಯ ಮಾನ್ಯತೆ ಪಡೆದ ಸಂಸ್ಥೆಯೊಂದರಲ್ಲಿ ಕನ್ನಡ ಮತ್ತು ಜಾನಪದಕ್ಕೆ ಸಂಬಂಧಿಸಿದ ಒಂದು ವರ್ಷದ ಶಿಕ್ಷಣಕ್ರಮಕ್ಕೆ ಸೇರುವ ಆಸೆ ಹುಟ್ಟಿತು. ಸಂಸ್ಥೆಯೂ ಪ್ರವೇಶ ಕೊಡಲು ಒಪ್ಪಿತು. ತರಗತಿಗಳು ದೀಪಾವಳಿಯ ನಂತರ ಆರಂಭವಾಗುವುದಿತ್ತು. ಇದಕ್ಕೆ ಬೇಕಾದದ್ದು ವಿದ್ಯಾರ್ಥಿ ವೀಸಾ.

ಶಿವಮೊಗ್ಗದ ಎಸ್‌ಪಿ ಕಚೇರಿಗೆ ಹೋಗಿ ಇದ್ದ ವೀಸಾವನ್ನೇ ಬದಲಿಸಿಕೊಂಡರಾಯಿತು ಎಂಬುದು ಮನೆಯವರ ಮೊದಲ ಸಲಹೆಯಾಗಿತ್ತು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಸ್‌ಪಿಯವರೇ ಆಗಿರುವುದರಿಂದ ಈ ಸಲಹೆ ತೀರಾ ಅಸಂಗತವೇನೂ ಅಲ್ಲ. ಆದರೆ ಇ-ವೀಸಾವನ್ನು ವಿಸ್ತರಿಸಲು ಬರುವುದಿಲ್ಲ, ಇನ್ನೊಂದು ಬಗೆಯ ವೀಸಾ ಆಗಿ ಮಾರ್ಪಡಿಸಲೂ ಬರುವುದಿಲ್ಲ. ದೇಶದಿಂದ ಹೊರಗೆ ಹೋಗಿ, ಭಾರತೀಯ ರಾಯಭಾರ ಕಚೇರಿಯಿಂದ ಹೊಸ ವೀಸಾ ಪಡೆದು, ಮತ್ತೆ ಒಳಗೆ ಬರುವುದೊಂದೇ ಉಳಿದ ದಾರಿ. ಅವಧಿ ಮೀರಿ ಹತ್ತು ದಿನ ಉಳಿದು, ಭೂಮಿ ಹುಣ್ಣಿಮೆ ಮುಗಿಸಿ, ದಂಡ ಕಟ್ಟಿ ಹೊರಡಿ ಎಂದ ಹಿತೈಷಿಗಳೂ ಇದ್ದರು. ಅವಧಿ ಮೀರಿದವರು ನಿರ್ಗಮನ ಪರವಾನಗಿ ಪಡೆಯದೆ ದೇಶ ಬಿಡುವಂತಿಲ್ಲ. ಆ ದಾಖಲೆ ಅವರ ಹೆಸರಿನಲ್ಲಿ ಉಳಿಯುತ್ತದೆ. ಮುಂದಿನ ತಿಂಗಳೇ ಅದೇ ಸರ್ಕಾರದ ಮುಂದೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಬೇಕಾದವರಿಗೆ ಇದಕ್ಕಿಂತ ಕೆಟ್ಟ ಸಲಹೆ ಇರಲಾರದು. ವಿದ್ಯಾರ್ಥಿನಿ ಅದನ್ನು ನಯವಾಗಿ ತಳ್ಳಿಹಾಕಿದ್ದು ಇಡೀ ಪ್ರಕರಣದ ಅತ್ಯಂತ ವಿವೇಕದ ನಿರ್ಧಾರ ಎಂದು ನನ್ನ ಎಣಿಕೆ.

ಅರ್ಜಿ ಎಲ್ಲಿ ಹಾಕಬೇಕು ಎಂಬುದು ಇಲ್ಲಿ ಸುಲಭವಾಗಿ ತೀರ್ಮಾನವಾಯಿತು. ಕಠ್ಮಂಡುವಿಗೆ ಪ್ರವಾಸಿಯಾಗಿ ಹೋದ ಮೂರನೆಯ ದೇಶದವರು ಅಲ್ಲಿ ಭಾರತದ ವೀಸಾಕ್ಕೆ ಅರ್ಜಿ ಹಾಕಿದರೆ, ಸಾಮಾನ್ಯವಾಗಿ ಅದನ್ನು ಅವರ ತಾಯ್ನಾಡಿನ ಭಾರತೀಯ ಕಚೇರಿಯ ಅಭಿಪ್ರಾಯಕ್ಕೆ ಕಳುಹಿಸಲಾಗುತ್ತದೆ. ಕೆಲವು ಬಗೆಯ ವೀಸಾಗಳಿಗೆ ತಾಯ್ನಾಡಿಗೇ ಹೋಗಿ ಎನ್ನುವುದೂ ಉಂಟು. ಆದರೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ನೇಪಾಳದಲ್ಲಿ ವಾಸವಾಗಿದ್ದು, ಅದಕ್ಕೆ ದಾಖಲೆಯೂ ಇದ್ದ ವಿದ್ಯಾರ್ಥಿನಿಗೆ ಕಠ್ಮಂಡು ನ್ಯಾಯವಾದ ಸ್ಥಳವೇ ಆಗಿತ್ತು.

ಹೊರಗೆ ಹೋದದ್ದು

ವಿಮಾನ ಬಿಟ್ಟು ರೈಲನ್ನು ಆರಿಸಿಕೊಂಡದ್ದಕ್ಕೆ ಕಾರಣಗಳಿದ್ದವು. ಮನೆಯವರು ಕೊಟ್ಟ ಚಿತ್ತಾರದ ಚೌಕಟ್ಟುಗಳು, ಬುಟ್ಟಿಗಳು ಸಾಮಾನಿನಲ್ಲಿದ್ದವು. ವಿಮಾನದವರು ಅವನ್ನು ಹೇಗೆ ಎಸೆಯುತ್ತಾರೋ ಎಂಬ ಭಯವಿತ್ತು. ಅದಕ್ಕಿಂತ ದೊಡ್ಡ ಕಾರಣ ಮನೆಯವರ ಧೈರ್ಯ. ಕೆಲವು ವರ್ಷಗಳ ಹಿಂದೆ ಊರಿನ ಹಲವರು ಬಸ್ಸು ಮಾಡಿಕೊಂಡು ಕಾಶಿ, ಗಯಾ ಮುಗಿಸಿ, ಉತ್ತರ ಪ್ರದೇಶ-ನೇಪಾಳ ಗಡಿಯ ಸೋನೌಲಿಯ ಮೂಲಕವೇ ಪಶುಪತಿನಾಥನ ದರ್ಶನಕ್ಕೆ ಹೋಗಿ ಬಂದಿದ್ದರು. ಅಲ್ಲಿನ ಅರ್ಚಕರಲ್ಲಿ ಕರ್ನಾಟಕದ ಭಟ್ಟರು ಇರುವುದರಿಂದ ನೇಪಾಳ ನಮ್ಮವರಿಗೆ ದೂರದ ದೇಶ ಅನ್ನಿಸುವುದೂ ಕಡಿಮೆ. ಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ, ಬಸ್ಸಿನಿಂದ ಇಳಿಯಲೂ ಇಲ್ಲ ಎಂದು ಅವ್ವ ಹೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. 1950ರ ಜುಲೈ 31ರ ಶಾಂತಿ ಮತ್ತು ಮೈತ್ರಿ ಒಪ್ಪಂದದ ನೆರಳಿನಲ್ಲಿ ಭಾರತೀಯರೂ ನೇಪಾಳಿಗಳೂ ವೀಸಾ ಇಲ್ಲದೆ ಆ ಗಡಿ ದಾಟುತ್ತಾರೆ. ಭೂಮಾರ್ಗದಲ್ಲಿ ಹೋಗುವ ಭಾರತೀಯನಿಗೆ ಮತದಾರರ ಗುರುತಿನ ಚೀಟಿಯೇ ಸಾಕು. ಆದರೆ ಆ ಒಪ್ಪಂದದಲ್ಲಿ ಜರ್ಮನ್ ಪಾಸ್‌ಪೋರ್ಟಿಗೆ ಜಾಗವಿಲ್ಲ. ಈ ಒಂದು ಸಂಗತಿಯನ್ನು ಎಲ್ಲರೂ ಬಲ್ಲವರಾಗಿದ್ದರೂ, ಯಾರೂ ಅದರ ಪರಿಣಾಮವನ್ನು ಕೊನೆಯವರೆಗೆ ಯೋಚಿಸಿ ನೋಡಿರಲಿಲ್ಲ.

ಅಕ್ಟೋಬರ್ ಎರಡನೆಯ ವಾರದಲ್ಲಿ ಮನೆಯ ಕಿರಿಯ ಮಗ ವಿದ್ಯಾರ್ಥಿನಿಯ ಜೊತೆ ಹೊರಟ. ಯಶವಂತಪುರದಿಂದ ಗೋರಖಪುರದವರೆಗೆ ರೈಲು, ಅಲ್ಲಿಂದ ಸೋನೌಲಿಗೆ ಬಸ್ಸು. ಸೋನೌಲಿ ಮಹಾರಾಜಗಂಜ್ ಜಿಲ್ಲೆಯ ಕೊನೆಯ ಪೇಟೆ. ಕಮಾನು ದಾಟಿದರೆ ನೇಪಾಳದ ಬೆಲಹಿಯಾ, ಅದಕ್ಕಂಟಿಕೊಂಡು ಭೈರಹವಾ. ಲಾರಿಗಳ ಸಾಲು, ಸೈಕಲ್ ರಿಕ್ಷಾ, ತಲೆಹೊರೆ ಹೊತ್ತ ಜನ, ನೋಟು ಬದಲಿಸುವ ಅಂಗಡಿಗಳು, ಇವುಗಳ ನಡುವೆ ಭಾರತದ ವಲಸೆ ತಪಾಸಣಾ ಕಚೇರಿ ರಸ್ತೆಯ ಬದಿಯಲ್ಲಿದೆ. ಗಮನವಿಟ್ಟು ಹುಡುಕದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಯಾರೂ ತಡೆಯದ ಕಾರಣ ಜನಪ್ರವಾಹದೊಂದಿಗೆ ನಡೆದುಹೋದರೆ ವಿದೇಶಿಯೊಬ್ಬರು ನಿರ್ಗಮನದ ಮುದ್ರೆ ಇಲ್ಲದೆಯೇ ನೇಪಾಳದ ನೆಲ ಮುಟ್ಟಿಬಿಡಬಹುದು. ಮಗ ಆಗಲೇ ಕಮಾನಿನ ಹತ್ತಿರ ಹೋಗಿ, “ಅಕ್ಕಾ, ಯಾಕೆ ನಿಂತ್ರಿ? ಬನ್ನಿ, ಯಾರೂ ಕೇಳಲ್ಲ” ಎಂದು ಕೂಗಿದ. ವಿದ್ಯಾರ್ಥಿನಿ ಹೋಗಲಿಲ್ಲ. ಅಂಗಡಿಯವರೊಬ್ಬರನ್ನು ಕೇಳಿ ಕಚೇರಿ ಹುಡುಕಿ, ಚೀಟಿ ತುಂಬಿ, ಮುದ್ರೆ ಹಾಕಿಸಿಕೊಂಡು ಬಂದರು. ಆ ಮುದ್ರೆ ಇಲ್ಲದಿದ್ದರೆ ಬೆಲಹಿಯಾದ ಅಧಿಕಾರಿ ಹಿಂದಕ್ಕೆ ಕಳುಹಿಸುತ್ತಿದ್ದರು. ಕಳುಹಿಸದೆ ಬಿಟ್ಟಿದ್ದರೂ ಭಾರತದ ದಾಖಲೆಯಲ್ಲಿ ಅವರು ದೇಶದೊಳಗೇ ಉಳಿದು ಅವಧಿ ಮೀರಿದವರಾಗುತ್ತಿದ್ದರು, ಮತ್ತು ಅದು ಬೆಳಕಿಗೆ ಬರುತ್ತಿದ್ದುದು ಹೊಸ ವೀಸಾದ ಅರ್ಜಿ ಕೈಗೆತ್ತಿಕೊಂಡಾಗ.

ಇ-ವೀಸಾದಲ್ಲಿ ಬಂದವರು ಸೋನೌಲಿಯಿಂದ ಹೊರಗೆ ಹೋಗಬಹುದೇ ಎಂದು ಅವರು ಮೊದಲೇ ವಿಚಾರಿಸಿಕೊಂಡಿದ್ದರು. ಹೋಗಬಹುದು: ಅಧಿಕೃತವಾದ ಯಾವುದೇ ವಲಸೆ ತಪಾಸಣಾ ಠಾಣೆಯಿಂದ ನಿರ್ಗಮಿಸಲು ಅನುಮತಿ ಇದೆ. ಅಧಿಕಾರಿ ಒಂದು ಮಾತೂ ಕೇಳದೆ ಮುದ್ರೆ ಹಾಕಿದರು. ಮುಂದಿನ ತಪ್ಪು ಎಣಿಕೆಗೆ ಬೀಜ ಬಿದ್ದದ್ದು ಈ ಸಲೀಸಿನಲ್ಲಿಯೇ.

ಮಗ ಬೆಲಹಿಯಾದಲ್ಲಿ ಚಹಾ ಕುಡಿದು, 500 ರೂಪಾಯಿಯ ನೋಟು ಕೊಡಲು ಹೋಗಿ ಪೇಚಿಗೆ ಸಿಲುಕಿದ. ಆ ಹೊತ್ತಿಗೆ ನೇಪಾಳದಲ್ಲಿ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟಿಗೆ ಮಾನ್ಯತೆ ಇರಲಿಲ್ಲ. ಸಂಜೆಗೆ ಅವನು ಸೋನೌಲಿಗೆ ಮರಳಿದ. ಮರಳುವಾಗಲೂ ಅವನನ್ನು ಯಾರೂ ಏನೂ ಕೇಳಲಿಲ್ಲ.

ಮೊದಲ ಸಲ ಮರಳಲು ಹೊರಟದ್ದು

ಕಠ್ಮಂಡುವಿನಲ್ಲಿ ಅರ್ಜಿ ಒಂದೇ ಸಲಕ್ಕೆ ಸ್ವೀಕೃತವಾಗಲಿಲ್ಲ. ಸಂಸ್ಥೆ ಕೊಟ್ಟ ಪ್ರವೇಶಪತ್ರದಲ್ಲಿ ಶಿಕ್ಷಣಕ್ರಮದ ಅವಧಿಯಾಗಲಿ, ಅದು ಪೂರ್ಣಾವಧಿಯದು ಎಂಬುದಾಗಲಿ ನಮೂದಾಗಿರಲಿಲ್ಲ. ನಮ್ಮ ಕಡೆಯ ಕಚೇರಿಗಳಲ್ಲಿ ‘ಪ್ರವೇಶ ನೀಡಲಾಗಿದೆ’ ಎಂಬ ಒಂದು ಸಾಲು, ಕೆಳಗೊಂದು ಸೀಲು ಇದ್ದರೆ ಪತ್ರ ಮುಗಿದಂತೆ. ವೀಸಾ ಕೊಡುವವರಿಗೆ ಅದು ಸಾಲದು. ವಿದ್ಯಾರ್ಥಿ ವೀಸಾದ ಅವಧಿಯನ್ನೇ ಶಿಕ್ಷಣಕ್ರಮದ ಅವಧಿಯ ಮೇಲೆ ನಿರ್ಧರಿಸುವುದರಿಂದ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂಬುದು ಪತ್ರದಲ್ಲಿ ಇರಲೇಬೇಕು. ಹೊಸ ಪತ್ರ ಶಿವಮೊಗ್ಗದಿಂದ ಬರಬೇಕಾಯಿತು. ಅಷ್ಟರಲ್ಲಿ ಇತ್ತ ನವರಾತ್ರಿಯ ರಜೆ, ಅತ್ತ ದಸೈಂ ರಜೆ. ಎರಡೂ ಕಡೆ ಬಾಗಿಲು ಮುಚ್ಚಿತು.

ಈ ಬಿಡುವಿನಲ್ಲಿ ವಿದ್ಯಾರ್ಥಿನಿಗೆ ಒಂದು ಯೋಚನೆ ಬಂತು. ಅವರ 30 ದಿನಗಳ ಇ-ವೀಸಾದಲ್ಲಿ ಎರಡು ಬಾರಿ ಪ್ರವೇಶಿಸುವ ಅವಕಾಶವಿತ್ತು, ಬಳಕೆಯಾಗಿದ್ದು ಒಂದೇ. ಅರ್ಜಿ ಇನ್ನೂ ಸ್ವೀಕೃತವಾಗಿಲ್ಲದ್ದರಿಂದ ಪಾಸ್‌ಪೋರ್ಟ್ ಕೈಯಲ್ಲೇ ಇತ್ತು. ಸಾಗರಕ್ಕೆ ಹೋಗಿ, ರಜೆ ಮುಗಿದ ಕೂಡಲೇ ಪತ್ರವನ್ನು ತಾವೇ ಪಡೆದು, ಅಕ್ಟೋಬರ್ 28ರ ಭೂಮಿ ಹುಣ್ಣಿಮೆಗೆ ಭೂಮಿಪೂಜೆಯ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದನ್ನೂ ನೋಡಿ, ಮತ್ತೆ ಕಠ್ಮಂಡುವಿಗೆ ಬಂದು ಅರ್ಜಿ ಹಾಕಬಹುದಲ್ಲ? ಬುಟ್ಟಿಗೆ ಚಿತ್ತಾರ ಬರೆಯುವ ಕೆಲಸ ಹುಣ್ಣಿಮೆಗೆ ಬಹಳ ಮೊದಲೇ ಆರಂಭವಾಗುತ್ತದೆ. ಕಲಿಯುವವರಿಗೆ ಅದು ವರ್ಷಕ್ಕೊಮ್ಮೆ ಸಿಗುವ ಅವಕಾಶ. ಅವರ ಆತುರ ಅರ್ಥವಾಗುವಂಥದ್ದೇ. ಕಠ್ಮಂಡುವಿನ ಬಸ್ಸಿನ ಏಜೆಂಟರೊಬ್ಬರು, ವೀಸಾ ಇದ್ದರೆ ಯಾವ ಗೇಟಾದರೂ ಸರಿ ಎಂದು ಭರವಸೆಯನ್ನೂ ಕೊಟ್ಟರು.

ಬೆಲಹಿಯಾದಲ್ಲಿ ನೇಪಾಳದ ನಿರ್ಗಮನ ಮುದ್ರೆ ಬಿತ್ತು. ಕಮಾನು ದಾಟಿ, ಹೋಗುವಾಗ ಕಂಡ ಅದೇ ಕಚೇರಿಯ ಮುಂದೆ ನಿಂತರು. ಅಧಿಕಾರಿ ಇ-ವೀಸಾದ ಪ್ರತಿಯನ್ನು ನೋಡಿದ ಕೂಡಲೇ ಹಿಂದಕ್ಕೆ ಕೊಟ್ಟರು. ಇ-ವೀಸಾದ ಮೇಲೆ ಪ್ರವೇಶ ಆಗ ನಿಗದಿತ ವಿಮಾನ ನಿಲ್ದಾಣಗಳು ಮತ್ತು ಬಂದರುಗಳಿಂದ ಮಾತ್ರ ಇತ್ತು. ಸೋನೌಲಿ ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ಭಾಗಕ್ಕೆ ಹತ್ತಿರವಾದ ಮಂಗಳೂರಿನ ವಿಮಾನ ನಿಲ್ದಾಣ, ಬಂದರು ಎರಡೂ ಪಟ್ಟಿಯಲ್ಲಿವೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೇ ನೇರವಾಗಿ ಬಂದಿಳಿಯಬಹುದಿತ್ತಲ್ಲ ಎಂದು ಆಮೇಲೆ ಕೆಲವರು ಕೇಳಿದ್ದುಂಟು. ಅಲ್ಲಿಗೆ ಬರುತ್ತಿದ್ದುದು ದೇಶದೊಳಗಿನ ವಿಮಾನಗಳು ಮಾತ್ರ.

ಅದೇ ಮೇಜಿನ ಮೇಲೆ ಎರಡನೆಯ ತಪ್ಪು ಎಣಿಕೆಯೂ ಹೊರಬಿತ್ತು. ಎರಡು ಪ್ರವೇಶವೆಂದರೆ ಪ್ರತಿ ಪ್ರವೇಶಕ್ಕೂ 30 ದಿನ ಎಂದು ವಿದ್ಯಾರ್ಥಿನಿ ಭಾವಿಸಿದ್ದರು. ದಿನಗಳ ಲೆಕ್ಕ ಮೊದಲ ಸಲ ಬೆಂಗಳೂರಿನಲ್ಲಿ ಇಳಿದ ದಿನದಿಂದ ಒಂದೇ ಸಮನೆ ಓಡುತ್ತದೆ. ನಡುವೆ ದೇಶದ ಹೊರಗೆ ಇದ್ದ ದಿನಗಳನ್ನು ಲೆಕ್ಕದಿಂದ ಯಾರೂ ಕಳೆಯುವುದಿಲ್ಲ. ಗೇಟು ಸರಿಯಾಗಿದ್ದರೂ ಅವರ ವೀಸಾ ಹುಣ್ಣಿಮೆಗೆ ಮೊದಲೇ ಮುಗಿಯುತ್ತಿತ್ತು. ದೆಹಲಿಗೆ ವಿಮಾನದಲ್ಲಿ ಹೋದರೆ ಉಳಿದ ಕೆಲವೇ ದಿನಗಳಿಗೆ ಒಳಗೆ ಬಿಡುತ್ತಾರೆ ಎಂದು ಅಧಿಕಾರಿ ಸೌಜನ್ಯದಿಂದಲೇ ತಿಳಿಸಿದರು. ಅಷ್ಟು ಖರ್ಚು ಮಾಡಿ ದೆಹಲಿಯಿಂದ ಸಾಗರ ಮುಟ್ಟುವಷ್ಟರಲ್ಲಿ ಹಿಂದಿರುಗುವ ದಿನವೇ ಬರುತ್ತಿತ್ತು. ಅವರು ಆ ಯೋಚನೆ ಕೈಬಿಟ್ಟರು.

ಆ ಗಳಿಗೆಯಲ್ಲಿ ಅವರು ನೇಪಾಳದಿಂದ ಹೊರಬಿದ್ದವರು, ಭಾರತದೊಳಗೆ ಸೇರದವರು. ಬೆಲಹಿಯಾಕ್ಕೆ ಮರಳಿ ಪರಿಸ್ಥಿತಿ ವಿವರಿಸಿದಾಗ ಅಲ್ಲಿನ ಅಧಿಕಾರಿ ನಿರ್ಗಮನ ಮುದ್ರೆಯನ್ನು ರದ್ದುಪಡಿಸಿದರು. ವಾಸದ ವೀಸಾ ಚಾಲ್ತಿಯಲ್ಲಿದ್ದುದರಿಂದ ಹೆಚ್ಚಿನ ತೊಂದರೆ ಆಗಲಿಲ್ಲ. ನೇಪಾಳಕ್ಕೂ ಪ್ರವಾಸಿಯಾಗಿ ಬಂದವರಾಗಿದ್ದರೆ ಕನಿಷ್ಠ 15 ದಿನಗಳ ಹೊಸ ವೀಸಾಕ್ಕೆ 30 ಡಾಲರ್ ತೆರಬೇಕಾಗಿ ಬರುವ ಸಂಭವವಿತ್ತು, ಮತ್ತು ಒಂದು ವರ್ಷದಲ್ಲಿ ಪ್ರವಾಸಿಗೆ ಸಿಗುವ ಒಟ್ಟು 150 ದಿನಗಳ ಲೆಕ್ಕವೂ ಎದುರಾಗುತ್ತಿತ್ತು.

ಈ ವೈಫಲ್ಯವನ್ನು ಅಜಾಗರೂಕತೆ ಎಂದು ಕರೆದು ಮುಗಿಸುವುದು ನನಗೆ ಸರಿಕಾಣುವುದಿಲ್ಲ. ನಿರ್ಗಮನ ಮುದ್ರೆಗಾಗಿ ಜನಪ್ರವಾಹದ ಎದುರು ನಿಂತ ಅದೇ ವ್ಯಕ್ತಿ ಇಲ್ಲಿ ಎಡವಿದರೆ, ಕಾರಣವನ್ನು ಅವರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಗಡಿಯ ಸ್ವರೂಪದಲ್ಲಿ ಹುಡುಕಬೇಕು. ವಿಮಾನದಲ್ಲಿ ಬರುವ ವಿದೇಶಿಯ ವೀಸಾವನ್ನು ಮೊದಲು ನೋಡುವುದು ವಿಮಾನಯಾನ ಕಂಪನಿ. ಸರಿಯಾದ ದಾಖಲೆ ಇಲ್ಲದವರನ್ನು ಹೊತ್ತು ತಂದ ಕಂಪನಿಗೆ 2000ದ ಸಾಗಣೆದಾರರ ಹೊಣೆಗಾರಿಕೆ ಕಾಯ್ದೆಯಡಿ ಪ್ರಯಾಣಿಕರೊಬ್ಬರಿಗೆ 1 ಲಕ್ಷ ರೂಪಾಯಿ ದಂಡವಿತ್ತು. ಆದ್ದರಿಂದ ಕೌಂಟರಿನ ಹುಡುಗಿ ವೀಸಾದ ಬಗೆ, ದಿನಾಂಕ, ಇಳಿಯುವ ನಿಲ್ದಾಣ ಎಲ್ಲವನ್ನೂ ಹೊರಡುವ ಮೊದಲೇ ತಿರುವಿಹಾಕುತ್ತಾಳೆ. ಕಠ್ಮಂಡುವಿನಿಂದ ಗಡಿಗೆ ಬರುವ ಬಸ್ಸಿನಲ್ಲಿ ಅಂಥ ಜರಡಿ ಇಲ್ಲ. ಟಿಕೆಟ್ ಕೊಡುವವನಿಗೆ ಪಾಸ್‌ಪೋರ್ಟಿನ ಬಣ್ಣವೂ ಬೇಕಾಗಿಲ್ಲ. ಬಸ್ಸಿನಲ್ಲಿರುವ ಬಹುಪಾಲು ಜನ ವೀಸಾ ಬೇಡದವರೇ ಆಗಿರುವಾಗ ಕೇಳುವ ರೂಢಿಯಾದರೂ ಎಲ್ಲಿಂದ ಬರಬೇಕು? ಹೀಗಾಗಿ ಭೂಗಡಿಯಲ್ಲಿ ತಪ್ಪು ತಿಳಿಯುವುದು ಕೊನೆಯ ಮೇಜಿನಲ್ಲಿ, ಹಿಂದಿನ ದೇಶದ ಮುದ್ರೆ ಬಿದ್ದಾದ ಮೇಲೆ.

ಇದಕ್ಕೆ ಜೊತೆಯಾದದ್ದು ಹೋಗುವ ಮತ್ತು ಬರುವ ನಿಯಮಗಳ ನಡುವಿನ ಅಂತರ. ಹೊರಗೆ ಬಿಟ್ಟ ಬಾಗಿಲು ಒಳಗೂ ಬಿಡುತ್ತದೆ ಎಂದು ಯಾರಾದರೂ ಭಾವಿಸುತ್ತಾರೆ. ಅದರ ಮೇಲೆ, ಜೊತೆಗೆ ಬಂದವನು ಅದೇ ಬಾಗಿಲಲ್ಲಿ ಒಂದೇ ದಿನ ಎರಡು ಸಲ ನಡೆದಾಡಿದ್ದನ್ನು ಕಣ್ಣಾರೆ ಕಂಡಿದ್ದರು. ಅಲ್ಲಿನ ಭಾರತೀಯನ ಅನುಭವ ವಿದೇಶಿಯ ಪಾಲಿಗೆ ಸಾಕ್ಷ್ಯವೇ ಅಲ್ಲ. ಮಲೆನಾಡಿನ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ವಿದೇಶಿ ಅತಿಥಿಗಳಿಗೆ ಸಲಹೆ ಕೊಡುವವರು ನೆನಪಿಡಬೇಕಾದ ಸಂಗತಿ ಇದು; ಅವರ ಸಲಹೆ ಪ್ರೀತಿಯಿಂದ ಬರುತ್ತದೆ, ತಮ್ಮದೇ ಪ್ರಯಾಣದ ನೆನಪಿನಿಂದ ಬರುತ್ತದೆ, ಆ ಕಾರಣಕ್ಕೇ ನಂಬಿಕೆ ಹುಟ್ಟಿಸುತ್ತದೆ.

ಹೊಸ ವೀಸಾ, ಎರಡನೆಯ ಪ್ರವೇಶ

ಈ ಭಾಗದಲ್ಲಿ ಹೇಳಬೇಕಾದದ್ದು ಕಡಿಮೆ. ತಿದ್ದಿದ ಪ್ರವೇಶಪತ್ರ ಕೊರಿಯರ್‌ನಲ್ಲಿ ಕಠ್ಮಂಡು ತಲುಪಿತು. ಆನ್‌ಲೈನ್ ಅರ್ಜಿಯ ಮುದ್ರಿತ ಪ್ರತಿ, ಪ್ರವೇಶಪತ್ರ, ಖರ್ಚಿಗೆ ಹಣವಿದೆ ಎಂಬುದಕ್ಕೆ ಬ್ಯಾಂಕಿನ ಪತ್ರ, ನೇಪಾಳದ ವಾಸದ ದಾಖಲೆ, ಇವನ್ನು ಸಲ್ಲಿಸಿದ ಮೇಲೆ ತಿಹಾರ್ ಹಬ್ಬವೂ ಕಳೆದು ನವೆಂಬರ್ ಕೊನೆಯ ಭಾಗದಲ್ಲಿ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಸೇರಿತು. ಭಾರತದ ವೀಸಾದ ಅವಧಿ ಪ್ರವೇಶದ ದಿನದಿಂದ ಆರಂಭವಾಗದೆ ಅದನ್ನು ಕೊಟ್ಟ ದಿನದಿಂದಲೇ ಆರಂಭವಾಗುತ್ತದೆ. ಆದ್ದರಿಂದ ಗಡಿಯಲ್ಲಿ ಕಳೆದುಕೊಳ್ಳುವ ಪ್ರತಿ ವಾರವೂ ಓದಿನ ಕೊನೆಯ ತಿಂಗಳಿಂದ ಕಡಿತವಾಗುತ್ತದೆ ಎಂಬುದನ್ನು ಅವರು ಈ ಸಲ ಮೊದಲೇ ಲೆಕ್ಕ ಹಾಕಿದ್ದರು. ವೀಸಾ ಚೀಟಿಯಲ್ಲಿ ಬಗೆ, ಪ್ರವೇಶಗಳ ಸಂಖ್ಯೆ, ಹೆಸರಿನ ಕಾಗುಣಿತ, ಸಂಸ್ಥೆಯ ಹೆಸರು ಇವನ್ನು ಅಲ್ಲಿಯೇ ನಿಂತು ಓದಿ ನೋಡಿದರು. ಕೆಳಗೆ, ಬಂದ 14 ದಿನಗಳೊಳಗೆ ನೋಂದಣಿ ಕಡ್ಡಾಯ ಎಂಬ ಟಿಪ್ಪಣಿ ಇತ್ತು.

ಸೋನೌಲಿಯಲ್ಲಿ ಪ್ರವೇಶದ ಚೀಟಿ ತುಂಬಿ ಕೊಟ್ಟರು. ರಾಯಭಾರ ಕಚೇರಿ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಆ ಗೇಟಿನಲ್ಲಿ ಸಲ್ಲುತ್ತದೆ. ವಾಸದ ವಿಳಾಸ ಕೇಳಿದರು, ಸಂಸ್ಥೆಯ ಪತ್ರ ನೋಡಿದರು, ಹಿಂದೆ ರದ್ದಾದ ನೇಪಾಳದ ಮುದ್ರೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಮುದ್ರೆ ಹಾಕಿದರು. ಮೂರನೆಯ ದಿನ ಸಾಗರ.

ಸಾಗರದಲ್ಲಿ ಉಳಿದ ಕೆಲಸ

ಗಡಿ ದಾಟಿದ್ದರಿಂದ ಪ್ರಕರಣ ಮುಗಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಅದರ ಅರ್ಧ ಭಾಗ ಇಲ್ಲಿಂದ ಆರಂಭವಾಯಿತು. 180 ದಿನಗಳಿಗಿಂತ ಹೆಚ್ಚು ಅವಧಿಯ ವಿದ್ಯಾರ್ಥಿ ವೀಸಾದ ಮೇಲೆ ಬಂದವರು 14 ದಿನಗಳಲ್ಲಿ ವಿದೇಶಿಯರ ನೋಂದಣಿಯ ಆನ್‌ಲೈನ್ ತಾಣವಾದ ಇ-ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಿಕೊಳ್ಳಬೇಕು. 2018ರಿಂದ ಈ ವ್ಯವಸ್ಥೆ ಆನ್‌ಲೈನ್‌ನಲ್ಲಿ ಬಂದಿರುವುದರಿಂದ ಬೆಂಗಳೂರಿಗೆ ಅಲೆಯುವುದು ತಪ್ಪಿದೆ. ಆದರೆ 14 ದಿನಗಳ ಎಣಿಕೆ ಸೋನೌಲಿಯ ಮುದ್ರೆಯಿಂದ ಆರಂಭವಾಗುತ್ತದೆ. ರೈಲಿನಲ್ಲಿ ಕಳೆದ ದಿನಗಳೂ ಅದರಲ್ಲಿ ಸೇರಿವೆ.

ಮೊದಲ ತೊಡಕು ವಿಳಾಸದ್ದು. ವಾಸಸ್ಥಳದ ಪುರಾವೆಯಾಗಿ ಮೆಸ್ಕಾಂ ಬಿಲ್ ಕೊಡೋಣವೆಂದರೆ ಅದು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿತ್ತು. ನಮ್ಮ ಹಳ್ಳಿಗಳಲ್ಲಿ ಇದು ಮನೆಮನೆಯ ಕಥೆ: ಅಜ್ಜ ಹೋಗಿ ಇಪ್ಪತ್ತು ವರ್ಷವಾದರೂ ಕರೆಂಟು ಅವನ ಹೆಸರಿನಲ್ಲೇ ಉರಿಯುತ್ತದೆ, ಪಹಣಿ ಜಂಟಿಯಾಗಿರುತ್ತದೆ, ಪಾಲಾಗಿರುವುದಿಲ್ಲ. ಬಿಲ್ಲಿನ ಹೆಸರಿಗೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ ಅರ್ಜಿ ಪರಿಶೀಲಿಸುವವರು ಪ್ರಶ್ನೆ ಎತ್ತುವುದು ಖಚಿತ. ಗ್ರಾಮ ಪಂಚಾಯಿತಿಯಿಂದ ಮನೆಯ ಯಜಮಾನರ ವಾಸದೃಢೀಕರಣ, ಅಜ್ಜನ ಮರಣ ಪ್ರಮಾಣಪತ್ರ, ಅವರಿಬ್ಬರ ಸಂಬಂಧವನ್ನೂ ವಿದ್ಯಾರ್ಥಿನಿ ಇಲ್ಲಿ ಉಳಿಯಲು ಇರುವ ಒಪ್ಪಿಗೆಯನ್ನೂ ಹೇಳುವ ಪ್ರಮಾಣಪತ್ರ, ಇವನ್ನು ಬಿಲ್ಲಿನ ಜೊತೆ ಒಂದೇ ಕಡತ ಮಾಡಿ ಏರಿಸಲಾಯಿತು. ಇದು ಒಪ್ಪಿತವಾಯಿತು.

ಎರಡನೆಯದು ಸಿ-ಫಾರಂ. ವಿದೇಶಿಯರು ತಂಗಿದ 24 ಗಂಟೆಗಳೊಳಗೆ ಅದರ ವಿವರವನ್ನು ನೋಂದಣಿ ಅಧಿಕಾರಿಗೆ ಕೊಡುವುದು ಇರಿಸಿಕೊಂಡವರ ಹೊಣೆ. ಹೋಟೆಲು, ಹೋಂಸ್ಟೇ, ಖಾಸಗಿ ಮನೆ ಎಂಬ ಭೇದವಿಲ್ಲ. ಒಮ್ಮೆ ಕೊಟ್ಟಾಗಿದೆ ಎಂದು ಬಿಡುವಂತಿಲ್ಲ, ದೇಶದಿಂದ ಹೊರಗೆ ಹೋಗಿ ಮರಳಿದವರಿಗೆ ಹೊಸದಾಗಿಯೇ ತುಂಬಬೇಕು. ಸೆಪ್ಟೆಂಬರ್‌ನಲ್ಲಿ ಮನೆಯವರು ಸಿ-ಫಾರಂ ತುಂಬುವ ಆನ್‌ಲೈನ್ ಖಾತೆ ತೆರೆಯಲು ಅರ್ಜಿ ಹಾಕಿ, ಶಿವಮೊಗ್ಗದಿಂದ ಅನುಮೋದನೆ ಪಡೆದಿದ್ದರಿಂದ ಈ ಸಲ ಕೆಲಸ ಹಗುರವಾಯಿತು. ಆಗ ಸಮೀಪದ ಹೋಂಸ್ಟೇಯವರೊಬ್ಬರು, ತಮ್ಮ ಖಾತೆಯಿಂದಲೇ ತುಂಬಿಬಿಡುತ್ತೇವೆ, ಯಾಕೆ ಒದ್ದಾಡುತ್ತೀರಿ ಎಂದು ಮುಂದೆ ಬಂದಿದ್ದರು. ಉಳಿಯದ ಜಾಗದಲ್ಲಿ ಉಳಿದಿದ್ದಾರೆಂದು ಬರೆದುಕೊಡುವುದು ಸುಳ್ಳು ಮಾಹಿತಿ; ಠಾಣೆಯಿಂದ ಪರಿಶೀಲನೆಗೆ ಬಂದ ದಿನ ಇಬ್ಬರಿಗೂ ಉತ್ತರವಿರುತ್ತಿರಲಿಲ್ಲ. ಮನೆಯವರು ಒಪ್ಪದೇ ಇದ್ದದ್ದು ಒಳ್ಳೆಯದಾಯಿತು.

ಮೂರನೆಯದು ಭೂಗಡಿಗೇ ವಿಶಿಷ್ಟವಾದದ್ದು. ಸೋನೌಲಿಯ ಪ್ರವೇಶ ಮುದ್ರೆ ಹಳೆಯ ಮುದ್ರೆಯೊಂದರ ಅಂಚಿನ ಮೇಲೆ ಬಿದ್ದು, ಸ್ಕ್ಯಾನ್ ಮಾಡಿದಾಗ ದಿನಾಂಕದ ಒಂದು ಅಂಕಿ ಮಸುಕಾಗಿತ್ತು. ಅರ್ಜಿ ಸಲ್ಲಿಸಿದ ಕೆಲವು ದಿನಗಳ ಮೇಲೆ, ಬಂದ ದಿನಾಂಕ ಸ್ಪಷ್ಟವಿಲ್ಲ ಎಂಬ ಆಕ್ಷೇಪಣೆ ಬಂತು. ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಅಂಗಳದ ಆಚೆಯ ಗುಡ್ಡ ಹತ್ತಿದರೆ ಮಾತ್ರ. ಆಕ್ಷೇಪಣೆಯ ಮಿಂಚಂಚೆಯನ್ನು ನೋಡಿದ್ದೇ ಮರುದಿನ ಸಂಜೆ. ಹಗಲು ಬೆಳಕಿನಲ್ಲಿ ಹೊಸದಾಗಿ ತೆಗೆದ ಚಿತ್ರ, ಅದೇ ದಿನದ ಗೋರಖಪುರದ ರೈಲು ಟಿಕೆಟ್, ನೇಪಾಳದ ನಿರ್ಗಮನ ಮುದ್ರೆಯ ಪುಟ, ಮೂರನ್ನೂ ಸೇರಿಸಿ ಸಾಗರ ಪೇಟೆಯ ಸೈಬರ್ ಅಂಗಡಿಯಿಂದ ಉತ್ತರ ಕಳುಹಿಸಲಾಯಿತು. ಮುದ್ರೆ ಹಾಕಿಸಿಕೊಳ್ಳುವಾಗ ಖಾಲಿ ಪುಟ ತೆರೆದುಕೊಟ್ಟು, ಕೌಂಟರ್ ಬಿಡುವ ಮೊದಲು ದಿನಾಂಕ ಓದಲು ಬರುತ್ತದೆಯೇ ಎಂದು ನೋಡಿಕೊಂಡಿದ್ದರೆ ಈ ಅಲೆದಾಟ ಇರುತ್ತಿರಲಿಲ್ಲ.

ವಿದೇಶಿ ವಿದ್ಯಾರ್ಥಿಯ ವಿವರ ಕೊಡುವ ಎಸ್-ಫಾರಂ ಸಂಸ್ಥೆಯ ಕಡೆಯಿಂದ ಹೋಗಬೇಕಿತ್ತು, ಹೋಯಿತು. ಠಾಣೆಯಿಂದ ಒಬ್ಬರು ಬಂದು ಮನೆಯವರ ಹೇಳಿಕೆ ಪಡೆದು, ಗೋಡೆಯ ಚಿತ್ತಾರದ ಬಗ್ಗೆ ಬಹಳ ಹೊತ್ತು ಮಾತಾಡಿ ಹೋದರು. ವಾಸದ ಪರವಾನಗಿ ಡಿಸೆಂಬರ್‌ನಲ್ಲಿ ಬಂತು.

ಈ ಪ್ರಕರಣ ನಡೆದಾಗ ಜಾರಿಯಲ್ಲಿದ್ದದ್ದು 1946ರ ವಿದೇಶಿಯರ ಕಾಯ್ದೆ ಮತ್ತು 1939ರ ನೋಂದಣಿ ಕಾಯ್ದೆ. 2025ರ ಸೆಪ್ಟೆಂಬರ್ 1ರಿಂದ ಇವೆರಡರ ಜೊತೆಗೆ 1920ರ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆ ಮತ್ತು ಮೇಲೆ ಹೇಳಿದ 2000ದ ಕಾಯ್ದೆಯೂ ರದ್ದಾಗಿ, ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಬಂದಿದೆ. ಸರಿಯಾದ ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಪ್ರವೇಶಿಸಿದವರಿಗೆ ಅದರಲ್ಲಿ 5 ವರ್ಷಗಳವರೆಗೆ ಸೆರೆ, ಇಲ್ಲವೆ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇವೆ. ವಿದೇಶಿಯರನ್ನು ಇರಿಸಿಕೊಂಡವರು, ಓದಿಸುವ ಸಂಸ್ಥೆಗಳು, ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾಹಿತಿ ಕೊಡಬೇಕೆಂಬ ಹೊಣೆ ಈಗ ಮೂಲ ಕಾಯ್ದೆಯೊಳಗೇ ಇದೆ. ಇ-ವೀಸಾಕ್ಕೆ ತೆರೆದಿರುವ ಗೇಟುಗಳ ಪಟ್ಟಿಯೂ ಆಗಾಗ ಬದಲಾಗುತ್ತದೆ. ಹೊರಡುವ ವಾರದಲ್ಲಿ ಸರ್ಕಾರದ ಅಧಿಕೃತ ತಾಣದಲ್ಲಿ ಅದನ್ನು ನೋಡಬೇಕು, ಹಿಂದಿನ ವರ್ಷ ಹೋಗಿ ಬಂದವರ ಮಾತಿನ ಮೇಲೆ ನಿಲ್ಲಬಾರದು.

2024ರ ಮಳೆಗಾಲದ ಆರಂಭದಲ್ಲಿ ವಿದ್ಯಾರ್ಥಿನಿ ತರಗತಿಗೆ ಹತ್ತಿರವಾಗಲೆಂದು ಶಿವಮೊಗ್ಗದ ಬಾಡಿಗೆ ಮನೆಗೆ ಬಂದರು. ವಿಳಾಸ ಬದಲಾವಣೆಯ ಅರ್ಜಿಯನ್ನು ಅದೇ ತಾಣದಲ್ಲಿ ಹಾಕಲಾಯಿತು, ಹೊಸ ಮನೆಯ ಮಾಲೀಕರು ತಮ್ಮ ಹೆಸರಿನಲ್ಲಿ ಸಿ-ಫಾರಂ ತುಂಬಿದರು. ಈ ಮನೆಯ ಮೆಸ್ಕಾಂ ಬಿಲ್ ಮಾಲೀಕರದೇ ಹೆಸರಿನಲ್ಲಿತ್ತು; ಅರ್ಜಿ ಆಕ್ಷೇಪಣೆ ಇಲ್ಲದೆ ಒಪ್ಪಿತವಾಯಿತು.